ತುಕ್ಕಿಗೆ ತುಕ್ಕೇ ಮದ್ದು

ನಮ್ಮ ಮನೆಯವರ ಪೈಕಿ ಪೊಲೀಸ್ ಠಾಣೆಯಲ್ಲಿ ಅತಿ ಹೆಚ್ಚು ದಿನ ಕಳೆದವರು ಯಾರು ಎಂದು ಕೇಳಿದರೆ ನಾವೆಲ್ಲ ಒಟ್ಟಿಗೇ ನಡುಮನೆಯ ಬೀರುವಿನ ಕಡೆ ಕೈ ತೋರಿಸುತ್ತೇವೆ. ಅದರೊಳಗೆ ಅಜ್ಜಯ್ಯನ ಜೋಡು ನಳಿಗೆಯ ತೋಟಾ ಕೋವಿ ಇದೆ. ಅದು ಯಾರ ಮೇಲೂ ಏರಿ ಹೋದದ್ದಿಲ್ಲ, ಯಾರ ಬೇಲಿಯನ್ನೂ ಮುರಿದದ್ದಿಲ್ಲ. ಆದರೂ ಚುನಾವಣೆ ಘೋಷಣೆಯಾಯಿತೆಂದರೆ ಮೊದಲು ಶರಣಾಗಬೇಕಾದದ್ದು ಅದೇ. ಲೈಸೆನ್ಸಿನ ಪುಸ್ತಕವನ್ನು ಜೇಬಿನಲ್ಲಿಟ್ಟು, ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ನಾನು ಠಾಣೆಯ ಜಗಲಿಯಲ್ಲಿ ಸಾಲು ನಿಲ್ಲುತ್ತೇನೆ. ಮುಂದೆ, ಹಿಂದೆ ನನ್ನಂಥವರೇ. ಅಡಿಕೆ ತೋಟದವರು, ಗದ್ದೆಯವರು. ಪೋಲಿಯೋ ಹನಿ ಹಾಕಿಸಲು ಬಂದವರ ಹಾಗೆ ಎಲ್ಲರ ಕಂಕುಳಲ್ಲೂ ಒಂದೊಂದು ಕೂಸು. ಒಳಗೆ ಒಯ್ದು ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟುತ್ತಾರೆ, ನಮಗೊಂದು ರಸೀದಿ ಕೊಡುತ್ತಾರೆ. ಮತ ಎಣಿಕೆ ಮುಗಿಯುವ ತನಕ ಅದಕ್ಕೆ ಜಾಮೀನಿಲ್ಲ.

2023ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಹೋಗಿ ಬಂತು. 2024ರ ಮಾರ್ಚ್ 16ಕ್ಕೆ ಲೋಕಸಭೆಯ ನೀತಿ ಸಂಹಿತೆ ಶುರುವಾಯಿತು, ಮತ್ತೆ ಹೋಯಿತು. ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ ಆದರೂ ಎಣಿಕೆ ಜೂನ್ 4ಕ್ಕೆ. ನಾನು ರಸೀದಿ ಹಿಡಿದು ಹೋಗುವ ಹೊತ್ತಿಗೆ ಮುಂಗಾರು ಹೆಂಚಿನ ಮೇಲೆ ಕೂತಾಗಿತ್ತು. ಕಂಬಳಿ ಬಿಡಿಸಿ ನೋಡಿದರೆ ಬಲಗಡೆಯ ನಳಿಗೆಯ ಉದ್ದಕ್ಕೂ ಕೆಂಪು ಗೆರೆ. ಇರುವೆ ಸಾಲು ಅಂದುಕೊಂಡು ಊದಿದೆ. ಹೋಗಲಿಲ್ಲ.

ಠಾಣೆಯವರನ್ನು ದೂರುವುದು ಅನ್ಯಾಯ. ನೂರಾರು ಕೋವಿಗಳನ್ನು ಬೆಚ್ಚಗಿಡಲು ಅವರೇನು ಬಾಣಂತಿ ಕೋಣೆ ಕಟ್ಟಿಸಿದ್ದಾರೆಯೇ? ಮೇಲಾಗಿ ನಮ್ಮದು ಆಗುಂಬೆಯ ನೆರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನ ಮೋಡ, ಮಿಕ್ಕಿದ್ದನ್ನು ನಮ್ಮ ಮೇಲೆ ಚೆಲ್ಲಿಕೊಂಡು ಹೋಗುತ್ತದೆ. ಜೂನ್ ಬಂತೆಂದರೆ ಜಾಡಿಯೊಳಗಿನ ಉಪ್ಪು ನೀರೊಡೆಯುತ್ತದೆ, ಬೆಂಕಿಪೆಟ್ಟಿಗೆ ಮುನಿಸಿಕೊಳ್ಳುತ್ತದೆ, ಚಪ್ಪಲಿಗೆ ಬೂಷ್ಟು ಬೆಳೆಯುತ್ತದೆ. ಕಬ್ಬಿಣ ಒಂದೇ ಹೇಗೆ ಬಚಾವಾದೀತು?

ಮನೆಗೆ ತಂದು ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕೆಂಪಾಯಿತು. ಕೆಂಪು ಹೋದ ಜಾಗದಲ್ಲಿ ಹಳೇ ಕಪ್ಪೂ ಹೋಗಿತ್ತು. ಆಗ ಗಮನಿಸಿ ನೋಡಿದೆ: ಈ ಎರಡು ತಿಂಗಳದ್ದು ಒಂದು ನೆವ ಮಾತ್ರ, ನಳಿಗೆಯ ಮೈ ಎಷ್ಟೋ ವರ್ಷಗಳಿಂದ ಸವೆಯುತ್ತ ಬಂದಿದೆ. ಒಂದು ಕಡೆ ಬೂದಿ, ಒಂದು ಕಡೆ ಕಂದು, ಒಂದು ಕಡೆ ತಿಕ್ಕಿದ ಪಾತ್ರೆಯಂತೆ ಬರೀ ಬೆಳ್ಳಗೆ. ಎರಡು ನಳಿಗೆ ಸೇರುವ ಸಂದಿಯಲ್ಲಿ ಮಾತ್ರ, ಯಾರ ಕೈಯೂ ಹೋಗದ ಕಡೆ, ಮೊದಲಿನ ಬಣ್ಣ ಗೆರೆಯಾಗಿ ಉಳಿದಿತ್ತು. ಕಪ್ಪೂ ಅಲ್ಲದ ನೀಲಿಯೂ ಅಲ್ಲದ, ಮಳೆ ಬರುವ ಮುಂಚಿನ ಪಡುವಣದ ಬಣ್ಣ. ಆ ಗೆರೆಯನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಕೋವಿಯ ಜಾತಕ ಹೇಳಿಬಿಡುತ್ತೇನೆ. ಅಜ್ಜಯ್ಯ ಅದನ್ನು ಒಬ್ಬ ಕಾಫಿ ತೋಟದವರಿಂದ ಹಳೆಯದಾಗಿಯೇ ಕೊಂಡದ್ದು. ನಳಿಗೆಯ ತಳದಲ್ಲಿ ಕಿರೀಟದ ಕೆಳಗೆ ಎನ್.ಪಿ. ಎಂಬ ಎರಡು ಅಕ್ಷರಗಳಿವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯ್ದೆ ಮಾಡಿ ಸ್ಥಾಪಿಸಿದ ಕೋವಿ ಪರೀಕ್ಷೆಯ ಮನೆಯೊಂದಿದೆ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ನಳಿಗೆ ಸಿಡಿಯದೆ ಉಳಿದರೆ ಮುದ್ರೆ ಒತ್ತಿ ಕೊಡುತ್ತಾರೆ. ಈ ಮುದ್ರೆ 1904ರಿಂದ 1954ರ ನಡುವಿನದು. ಪಕ್ಕದಲ್ಲಿ ವಜ್ರದಾಕಾರದ ಚೌಕದೊಳಗೆ 12 ಎಂದಿದೆ. ಹನ್ನೆರಡು ಎಂದರೆ ಅಂಗುಲವೂ ಅಲ್ಲ, ಗೇಣೂ ಅಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ನಳಿಗೆಯ ಬಾಯಿ. ಸುಮಾರು ಹದಿನೆಂಟೂವರೆ ಮಿಲಿಮೀಟರ್. ಮಾವಿನಕಾಯಿಯನ್ನು ನೂರಕ್ಕೆ ಇಷ್ಟು ಎಂದು ಎಣಿಸಿ ಮಾರುವ ನಮಗೆ ಈ ಲೆಕ್ಕ ಅಪರಿಚಿತವೇನಲ್ಲ.

ಲೈಸೆನ್ಸಿನಲ್ಲಿ ಬರೆದಿರುವ ಉದ್ದೇಶ ಬೆಳೆ ರಕ್ಷಣೆ. ಅಜ್ಜಯ್ಯನ ಕಾಲದಲ್ಲಿ ಅದು ಇನ್ನೂ ಏನೇನನ್ನು ರಕ್ಷಿಸಿತೋ, ಯಾವ ಯಾವ ಹಬ್ಬಕ್ಕೆ ಅಡುಗೆ ಮನೆಗೆ ಏನು ಒದಗಿಸಿತೋ ನಾನು ಕೇಳಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕತೆಗಳೆಲ್ಲ ಪಿಸುಮಾತಿಗಿಳಿದವು. ನನ್ನ ಕೈಗೆ ಬಂದ ಮೇಲಂತೂ ಅದು ಸದ್ದು ಮಾಡಿದ್ದು ಎರಡೇ ಸಲ, ಎರಡೂ ಸಲ ಆಕಾಶಕ್ಕೆ, ಮಂಗಗಳನ್ನು ಹೆದರಿಸಲು. ಮೊದಲ ಸಲ ಮಂಗಗಳು ಓಡಿದವು. ಎರಡನೆಯ ಸಲ ತೆಂಗಿನ ಮರದ ಮೇಲೆ ಕೂತೇ ನೋಡಿದವು. ಈಗ ಅದರ ಸಾರ್ವಜನಿಕ ಜೀವನ ವರ್ಷಕ್ಕೆ ಒಂದು ದಿನ, ಆಯುಧಪೂಜೆಗೆ. ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ಟಿಲ್ಲರಿನ ಪಕ್ಕ ಒರಗಿಸುತ್ತೇವೆ.

ಅದು ನನಗೆ ಬಂದ ಬಗೆಯೂ ಸ್ವಾರಸ್ಯವೇ. ಗದ್ದೆ ತೋಟ ಪಾಲಾಗುವಾಗ ಚಿಕ್ಕಪ್ಪಂದಿರು ಅರ್ಧ ಗುಂಟೆಗೂ ಅಳತೆ ಹಿಡಿದಿದ್ದರು. ಕೋವಿಯ ಮಾತು ಬಂದಾಗ ಮಾತ್ರ ಎಲ್ಲರೂ ಉದಾರಿಗಳಾದರು. ಲೈಸೆನ್ಸು, ನವೀಕರಣ, ಠಾಣೆಯ ಅಲೆದಾಟ ಯಾರಿಗೆ ಬೇಕು? ಹೀಗೆ ಅಪ್ಪನ ಪಾಲಿಗೆ ಬಂತು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸು ಕೇಳಬಹುದೆಂದು 2016ರ ಆಯುಧ ನಿಯಮ ಹೇಳುತ್ತದೆ. ಅಪ್ಪನಿಗೆ ಎಪ್ಪತ್ತು ತುಂಬಿದ ವಾರವೇ ಅರ್ಜಿ ಬರೆಸಿದರು. ಆಸ್ತಿ ಬಿಟ್ಟುಕೊಡುವವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸರಿ, ಬಣ್ಣ ಕಟ್ಟಿಸಬೇಕೆಂದು ಪೇಟೆಯ ಕೋವಿ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಗಲ್ಲೆಯಲ್ಲಿ ಕೂತಿದ್ದ ಹುಡುಗ ತಿರುಗಿಸಿ ನೋಡಿ, "ಬಿಟ್ಟೋಗಿ ಸಾರ್, ಒಂದು ಗಂಟೇಲಿ ಕರ್ರಗೆ ಮಾಡಿ ಕೊಡ್ತೀವಿ" ಎಂದ. ಒಂದು ಗಂಟೆಯಲ್ಲಿ ಆಗುವುದೆಂದರೆ ನನಗೂ ಖುಷಿಯೇ. ಆದರೆ ಮೂಲೆಯ ಮಣೆಯ ಮೇಲೆ ಕೂತು ಅರ ಹಾಕುತ್ತಿದ್ದ ಮುದಿ ಮೇಸ್ತ್ರಿ ಕಣ್ಣಲ್ಲೇ ಬೇಡ ಎಂದರು. ಟೀ ಕುಡಿಯುವ ನೆವದಲ್ಲಿ ಹೊರಗೆ ಬಂದು ವಿಷಯ ಬಿಡಿಸಿ ಹೇಳಿದರು.

ಆ ಒಂದು ಗಂಟೆಯ ಕೆಲಸವೆಂದರೆ ಬಿಸಿ ತೊಟ್ಟಿ. ಕಾಸ್ಟಿಕ್ ಸೋಡವನ್ನೂ ನೈಟ್ರೇಟ್ ಲವಣವನ್ನೂ ನೀರಿಗೆ ಹಾಕಿ ಕುದಿಸಿದರೆ ಆ ದ್ರಾವಣ 140 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಅದರಲ್ಲಿ ಅದ್ದಿದ ಉಕ್ಕು ನೋಡನೋಡುತ್ತ ಕಪ್ಪಾಗುತ್ತದೆ. ರಿವಾಲ್ವರು, ಪಿಸ್ತೂಲು, ಒಂಟಿ ನಳಿಗೆಯ ರೈಫಲ್ಲು, ಇಂಥವಕ್ಕೆ ಅದು ಸರಿ. ಜೋಡು ನಳಿಗೆಯದು ಬೇರೆ ಕತೆ. ಎರಡು ನಳಿಗೆಗಳನ್ನೂ ಅವುಗಳ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ತವರ ಸೀಸದ ಬೆಸುಗೆ. ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ಹೊರಗೆ ಬರುವಾಗ ಮದುಮಗನ ಹಾಗೆ ಇರುತ್ತದೆ; ಸಂದಿಯೊಳಗೆ ಉಳಿದ ಲವಣ ಮಾತ್ರ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಒಂದು ದಿನ ಪಟ್ಟಿ ಬಾಯಿ ಬಿಡುತ್ತದೆ.

"ಮತ್ತೆ ಏನು ಮಾಡೋದು?" ಎಂದೆ.

"ತುಕ್ಕು ಹಿಡಿಸ್ಬೇಕು" ಎಂದರು ಮೇಸ್ತ್ರಿ.

ನಾನು ನಕ್ಕೆ. ತುಕ್ಕು ಹಿಡಿದದ್ದಕ್ಕೇ ತಾನೆ ಬಂದದ್ದು!

"ಅದಾಗಿ ಹಿಡಿದದ್ದು ಕಳ್ಳ. ನಾವಾಗಿ ಹಿಡಿಸಿದ್ದು ಕಾವಲುಗಾರ" ಎಂದು ಟೀ ಲೋಟ ಕೆಳಗಿಟ್ಟರು. "ಕುದುರೆ, ಟ್ರಿಗರು, ಒಳಗಿನ ಸ್ಪ್ರಿಂಗು, ಇವುಗಳ ತಂಟೆಗೆ ನೀವು ಹೋಗ್ಬೇಡಿ. ಅದು ಲೈಸೆನ್ಸ್ ಇರೋ ನಮ್ಮಂಥೋರ ಕೆಲಸ. ನಳಿಗೆ ಬಿಚ್ಚಿಟ್ಟು ಅದರ ಮೈ ನೋಡ್ಕೊಳಿ. ಅವಸರ ಮಾತ್ರ ಮಾಡ್ಬೇಡಿ." ಮುಂದಿನ ಸಲ ಹೋದಾಗ ಆಮ್ಲದಲ್ಲಿ ಕಬ್ಬಿಣ ಕರಗಿಸಿ ತಯಾರಿಸಿದ ಹಳದಿ ದ್ರಾವಣವನ್ನು ಒಂದು ಸಣ್ಣ ಶೀಷೆಯಲ್ಲಿ ಕೊಟ್ಟರು. ಕೈಗವಸು ಹಾಕಿಕೊಳ್ಳಬೇಕು, ಮಕ್ಕಳಿಗೆ ಎಟುಕದ ಕಡೆ ಇಡಬೇಕು, ಮೂಗಿನ ಹತ್ತಿರ ತರಬಾರದು ಎಂದು ಮೂರು ಸಲ ಹೇಳಿ ಕಳಿಸಿದರು.

ಕೆಲಸದ ಮೊದಲ ಭಾಗ ಉಜ್ಜುವುದು. ಹಳೇ ತುಕ್ಕು, ಹಳೇ ಬಣ್ಣ ಎರಡೂ ಹೋಗಿ ಉಕ್ಕು ಒಂದೇ ಸಮ ಕಾಣಬೇಕು. ಪಾಲಿಶ್ ಪೇಪರಿನ 220, 320, 400, ಹೀಗೆ ಒರಟಿನಿಂದ ನುಣುಪಿಗೆ. ಅಡ್ಡಡ್ಡ ಉಜ್ಜಬಾರದು, ನಳಿಗೆಯ ಉದ್ದಕ್ಕೇ ಉಜ್ಜಬೇಕು, ಪೇಪರನ್ನು ಬೆರಳಿಗೆ ಸುತ್ತದೆ ಮರದ ತುಂಡಿಗೆ ಸುತ್ತಿ ಹಿಡಿಯಬೇಕು. ಬೆರಳು ಮೆತ್ತಗಿನದು, ತಗ್ಗಿದ್ದಲ್ಲಿ ತಗ್ಗಿ ಅದನ್ನು ಇನ್ನಷ್ಟು ಆಳ ಮಾಡುತ್ತದೆ. 400ಕ್ಕೆ ನಿಲ್ಲಿಸಬೇಕು. ಕನ್ನಡಿಯಾಗುವಷ್ಟು ನುಣುಪು ಮಾಡಿದರೆ ತುಕ್ಕಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಇನ್ನೊಂದು ಎಚ್ಚರ: ಮುದ್ರೆ ಮತ್ತು ನಂಬರು. ಉತ್ಸಾಹದಲ್ಲಿ ನಂಬರು ಉಜ್ಜಿ ಅಳಿಸಿಬಿಟ್ಟರೆ ಕೋವಿ ಚೆಂದವಾಗುತ್ತದೆ, ಯಜಮಾನ ಅಪರಾಧಿಯಾಗುತ್ತಾನೆ. ಆಯುಧ ಕಾಯ್ದೆ ಅದನ್ನು ಕ್ಷಮಿಸುವುದಿಲ್ಲ. ಆ ಜಾಗಕ್ಕೆ ಟೇಪು ಅಂಟಿಸಿ ಸುತ್ತ ಮಾತ್ರ ಕೈಯಾಡಿಸಿದೆ.

ಉಜ್ಜುತ್ತ ಉಜ್ಜುತ್ತ ನಳಿಗೆಯ ನಡುಭಾಗಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಎಡಬದಿಯಲ್ಲಿ ನಾಲ್ಕು ಬೆರಳಗಲ ಬೆಳ್ಳಗೆ ಸವೆದಿತ್ತು. ಅಜ್ಜಯ್ಯ ತೋಟದ ಸುತ್ತು ಹೊಡೆಯುವಾಗ ಕೋವಿಯನ್ನು ತೂಗಿ ಹಿಡಿಯುತ್ತಿದ್ದ ಜಾಗ. ಇದು ತುಕ್ಕು ತಿಂದದ್ದಲ್ಲ, ಕೈ ತಿಂದದ್ದು. ಬಣ್ಣ ಕಟ್ಟಿದರೆ ಇದೂ ಮುಚ್ಚಿಹೋಗುತ್ತದೆ. ಅಷ್ಟು ಬಿಟ್ಟು ಉಳಿದದ್ದಕ್ಕೆ ಹಚ್ಚಿದರೆ ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಹಳೇ ಕೋವಿ ಸಂಗ್ರಹಿಸುವವರು ಮೊದಲಿನ ಮೈಯನ್ನು ಮುಟ್ಟಬೇಡಿ, ಬೆಲೆ ಇಳಿಯುತ್ತದೆ ಎನ್ನುವುದೂ ಗೊತ್ತಿತ್ತು. ಮಾರುವ ಯೋಚನೆ ನನಗಿರಲಿಲ್ಲ, ಆದರೆ ಈ ನಾಲ್ಕು ಬೆರಳಿನ ಬೆಲೆ ಬೇರೆ. ಮೂರು ದಿನ ಪೇಪರು ಮುಟ್ಟಲಿಲ್ಲ.

ಅಮ್ಮ ಬಚ್ಚಲಿಗೆ ಹೋಗುತ್ತ ಬರುತ್ತ ನೋಡಿದರು. "ಎಂತಾ ಮಾರಾಯ, ಹೆಣ ಕಾದ ಹಾಗೆ ಕೂತಿದ್ದೀಯಲ್ಲ?" ಎಂದರು. ಹೇಳಿದೆ. ಅವರು ಹತ್ತಿರ ಬಂದು ಆ ಬಿಳಿಯ ಜಾಗವನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದರು. "ಮಾವಯ್ಯ ಸವೆಸಿದ್ದು ಅವರಿಗಾಯ್ತು. ನೀನು ಸವೆಸೋಕೆ ಬಣ್ಣ ಬೇಡ್ವೇನೋ?" ಎಂದು ಒಳಗೆ ಹೋದರು.

ಅದಕ್ಕೆ ಎದುರುತ್ತರ ನನ್ನಲ್ಲಿರಲಿಲ್ಲ. ಉಜ್ಜಿದೆ.

ಎರಡನೆಯ ಭಾಗ ಜಿಡ್ಡು ತೆಗೆಯುವುದು. ಬೆರಳಿನ ಜಿಡ್ಡು ಒಂದು ಚುಕ್ಕಿ ಉಳಿದರೂ ಅಲ್ಲಿ ತುಕ್ಕು ಹತ್ತುವುದಿಲ್ಲ, ಮಚ್ಚೆಯಂತೆ ಬಿಟ್ಟುಹೋಗುತ್ತದೆ. ಬಿಸಿನೀರಲ್ಲಿ ಅಂಟುವಾಳದ ಕಾಯಿ ನೆನೆಸಿ, ನೊರೆ ಎಬ್ಬಿಸಿ ತೊಳೆದೆ. ಆಮೇಲೆ ಸುಣ್ಣದ ತಿಳಿಯಲ್ಲಿ ಇನ್ನೊಮ್ಮೆ. ಹೋಯಿತೋ ಇಲ್ಲವೋ ನೋಡಲು ಉಪಾಯವಿದೆ, ನೀರು ಸುರಿಯುವುದು. ಆ ದಿನ ಮನೆಯಲ್ಲಿ ಪತ್ರೊಡೆ, ಜಗಲಿಯ ಮೇಲೆ ಕೆಸುವಿನ ಎಲೆಯ ರಾಶಿ. ಕೆಸುವಿನೆಲೆಯ ಮೇಲಿನಂತೆ ನೀರು ಮಣಿಮಣಿಯಾಗಿ ಉರುಳಿದರೆ ಜಿಡ್ಡು ಇದೆ ಎಂದರ್ಥ. ಬಾಳೆ ಎಲೆಗೆ ಚಿಮುಕಿಸಿ ಒರೆಸಿದಂತೆ ಹಾಳೆಯಾಗಿ ಹರಡಿದರೆ ಇಲ್ಲ. ನಾಲ್ಕನೆಯ ತೊಳೆತಕ್ಕೆ ಹರಡಿತು. ಅಲ್ಲಿಂದ ಮುಂದೆ ನಳಿಗೆಯನ್ನು ಬರಿಗೈಲಿ ಮುಟ್ಟುವಂತಿಲ್ಲ. ಎರಡೂ ಬಾಯಿಗಳಿಗೆ ಹಾಲವಾಣದ ಬಿರಡೆ ಕೆತ್ತಿ ಬಡಿದೆ. ಒಳಕ್ಕೆ ನೀರು ಹೋಗದ ಹಾಗೂ ಆಯಿತು, ಹಿಡಿದೆತ್ತಲು ಹಿಡಿಯೂ ಆಯಿತು.

ಮೂರನೆಯದು ಹಚ್ಚುವುದು. ಹತ್ತಿಯ ಉಂಡೆಯನ್ನು ದ್ರಾವಣದಲ್ಲಿ ಅದ್ದಿ, ಹಿಂಡಿ, ತೇವ ಮಾತ್ರ ಉಳಿಸಿಕೊಂಡು ಬುಡದಿಂದ ತುದಿಗೆ ಒಂದೇ ಎಳೆತ. ಎಳೆದ ದಾರಿಯಲ್ಲಿ ಮತ್ತೆ ಹಿಂದಕ್ಕೆ ಬರಬಾರದು, ಹನಿ ಇಳಿಯಬಾರದು. ಹತ್ತು ನಿಮಿಷದ ಕೆಲಸ. ಆಮೇಲೆ ಮಾಡಬೇಕಾದದ್ದು ಏನೂ ಇಲ್ಲ. ತೇವದ ಗಾಳಿಯಲ್ಲಿ ನಾಲ್ಕು ಗಂಟೆ ತೂಗು ಹಾಕಿ ಸುಮ್ಮನಿರಬೇಕು.

ಒಣ ಸೀಮೆಯವರಿಗೆ ಈ ತೇವವೇ ದೊಡ್ಡ ತಲೆನೋವು. ಅದಕ್ಕೆಂದೇ ಮರದ ಪೆಟ್ಟಿಗೆ ಮಾಡಿ, ಒಳಗೆ ಬಿಸಿನೀರಿನ ತಟ್ಟೆ ಇಟ್ಟು, ಬಾಗಿಲು ಮುಚ್ಚಿ ಹಬೆ ಹಿಡಿಸುತ್ತಾರೆ. ನನಗೆ ಪೆಟ್ಟಿಗೆ ಬೇಕಾಗಲಿಲ್ಲ. ಆಷಾಢದ ಮಲೆನಾಡಿಗಿಂತ ದೊಡ್ಡ ಹಬೆ ಪೆಟ್ಟಿಗೆಯನ್ನು ಯಾವ ಬಡಗಿ ಮಾಡಿಯಾನು? ಬಚ್ಚಲ ಪಕ್ಕದ ಕಟ್ಟಿಗೆ ಕೊಟ್ಟಿಗೆಯಲ್ಲಿ, ಜಂತೆಗೆ ಹಗ್ಗ ಕಟ್ಟಿ ನಳಿಗೆಯನ್ನು ತೂಗಿಬಿಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಯಾವ ಮಳೆಯನ್ನು ವರ್ಷವರ್ಷವೂ ಶಪಿಸಿ, ಕಬ್ಬಿಣದ ಸಾಮಾನಿಗೆಲ್ಲ ಎಣ್ಣೆ ಬಳಿದು ಅಡಗಿಸಿಡುತ್ತಿದ್ದೆವೋ ಅದನ್ನೇ ಈಗ ಕೆಲಸಕ್ಕೆ ಕರೆದಾಗಿತ್ತು. ಸಂಬಳವಿಲ್ಲ, ಊಟವಿಲ್ಲ, ರಜೆಯೂ ಇಲ್ಲ.

ನಾಲ್ಕು ಗಂಟೆಯ ನಂತರ ನೋಡಿದರೆ ನಳಿಗೆಯ ತುಂಬ ತೆಳ್ಳಗೆ, ಅರಿಶಿನ ಕುಂಕುಮ ಬೆರೆಸಿ ಹಿಟ್ಟುಜರಡಿಯಲ್ಲಿ ಚಿಮುಕಿಸಿದ ಹಾಗೆ ಕೆಂಪು. ಎದೆ ಧಸಕ್ಕೆಂದಿತು. ತಿಂಗಳ ಹಿಂದೆ ಇದೇ ಕೆಂಪನ್ನು ಕಂಡು ಸಂಕಟಪಟ್ಟವನು ನಾನು. ಈಗ ಅದನ್ನು ಮೈತುಂಬ ಹಚ್ಚಿಸಿ ಕೂತಿದ್ದೇನೆ. ಹಳೇ ಕಾಲದ ಕೇಪಿನ ಕೋವಿಗಳಲ್ಲಿ ಎಷ್ಟೋ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತಿತ್ತು. ಈ ತುಕ್ಕನ್ನೇ ಪದರಪದರವಾಗಿ ಕೂರಿಸಿ, ಉಜ್ಜಿ, ಎಣ್ಣೆ ಕುಡಿಸಿದರೆ ಕಂದು ಬಣ್ಣದ ನಳಿಗೆ. ಕಪ್ಪು ಬೇಕೆಂದರೆ ಇನ್ನೊಂದು ಹೆಜ್ಜೆ ಇದೆ, ಕುದಿಸುವುದು.

ಮೂವತ್ತು ಇಂಚಿನ ನಳಿಗೆ ಮುಳುಗುವ ಪಾತ್ರೆ ಯಾವ ಅಡುಗೆ ಮನೆಯಲ್ಲಿ ಇದ್ದೀತು? ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮೂರಡಿಯ ಸ್ಟೀಲ್ ತಗಡನ್ನು ದೋಣಿಯಂತೆ ಮಡಿಸಿಕೊಟ್ಟರು. "ಏನ್ ಬೇಯಿಸ್ತೀರಿ ಇದ್ರಲ್ಲಿ, ಹಾವಾ?" ಎಂದು ಕೇಳಿದರು. ಬಚ್ಚಲ ಒಲೆಯ ಹಂಡೆ ಇಳಿಸಿ ದೋಣಿ ಏರಿಸಿದೆ, ಅಡಿಕೆ ಸಿಪ್ಪೆಯ ಉರಿ ಕೊಟ್ಟೆ. ಮೊದಲ ಸಲ ಬೋರ್‌ವೆಲ್ಲಿನ ನೀರು ಹಾಕಿ ಕೆಟ್ಟೆ. ಗಡಸು ನೀರಿನ ಉಪ್ಪೆಲ್ಲ ನಳಿಗೆಯ ಮೇಲೆ ಬಿಳಿ ಹನಿಯಾಗಿ ಕೂತಿತು. ಆ ಪದರ ಪೂರ್ತಿ ಉಜ್ಜಿ ಮೊದಲಿನಿಂದ ಶುರು. ಎರಡನೆಯ ಸಲ ಹೆಂಚಿನ ತುದಿಯಿಂದ ಬೀಳುವ ನೀರನ್ನೇ ಹಿಡಿದು ಸೋಸಿದೆ. ಮಳೆಯ ನೀರಿಗೆ ಉಪ್ಪಿನ ಹಂಗಿಲ್ಲ. ಹೀಗೆ ತುಕ್ಕು ಹಿಡಿಸಿದ್ದೂ ಮಳೆ, ತುಕ್ಕು ಮಾಗಿಸಿದ್ದೂ ಮಳೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ನೀರು ತಕಪಕ ಕುದಿಯುವಾಗ ಕೆಂಪು ನಳಿಗೆಯನ್ನು ಅದರಲ್ಲಿ ಇಳಿಸಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅಂಚಿನಿಂದ ಬಣ್ಣ ತಿರುಗಿತು. ಕೆಂಪು ಕಂದಾಯಿತು, ಕಂದು ನೇರಳೆಯಾಯಿತು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇಡೀ ನಳಿಗೆ ಮಖಮಲ್ಲು ಹೊದ್ದಂತೆ ಕಪ್ಪು. ನಾನು ಏನನ್ನೂ ಸೇರಿಸಿರಲಿಲ್ಲ, ಬರೀ ಬಿಸಿನೀರು. ಕೆಂಪು ತುಕ್ಕು ಕಬ್ಬಿಣ, ಆಮ್ಲಜನಕ, ನೀರು ಕೂಡಿದ ಸಡಿಲ ಸಂಸಾರ. ಉದುರುತ್ತದೆ, ಉದುರಿದಲ್ಲಿ ಹೊಸ ಕಬ್ಬಿಣವನ್ನು ತಿನ್ನುತ್ತದೆ. ಕುದಿಸಿದಾಗ ಅದೇ ಕಬ್ಬಿಣ, ಅದೇ ಆಮ್ಲಜನಕ ಬೇರೆ ಲೆಕ್ಕದಲ್ಲಿ, ಮೂರಕ್ಕೆ ನಾಲ್ಕರಂತೆ ಜೊತೆಗೂಡಿ ಮ್ಯಾಗ್ನೆಟೈಟ್ ಆಗುತ್ತವೆ. ಅದು ಉದುರುವುದಿಲ್ಲ, ಉಕ್ಕನ್ನು ಅಪ್ಪಿ ಹಿಡಿಯುತ್ತದೆ. ಮೇಸ್ತ್ರಿ ಒಂದು ಲೋಟ ಟೀ ಮುಗಿಯುವುದರೊಳಗೆ ಹೇಳಿದ್ದರಲ್ಲ, ಕಳ್ಳ ಮತ್ತು ಕಾವಲುಗಾರ, ಆ ಇಬ್ಬರೂ ಒಂದೇ ಮನೆಯ ಮಕ್ಕಳು.

ಬಿಸಿ ನಳಿಗೆಯನ್ನು ಮೇಲೆತ್ತಿದರೆ ಒರೆಸಬೇಕಾಗಿಲ್ಲ, ತನ್ನ ಕಾವಿಗೆ ತಾನೇ ಒಣಗುತ್ತದೆ. ಆಮೇಲೆ ನುಣ್ಣನೆಯ ಸ್ಟೀಲ್ ವೂಲಿನಿಂದ ಹಗುರಾಗಿ ತಿಕ್ಕಿ, ಮೇಲೆ ಕೂತ ಮಸಿಯನ್ನು ತೆಗೆಯಬೇಕು. ಮಸಿ ಹೋದ ಮೇಲೆ ಕಂಡದ್ದು ಅಷ್ಟೊಂದು ಉತ್ಸಾಹದ ಬಣ್ಣವೇನಲ್ಲ, ತೆಳು ಬೂದಿ. ಅಪ್ಪ ನೋಡಿ, "ಇಷ್ಟಕ್ಕೆ ಎರಡು ಹೊರೆ ಸೌದೆ ಸುಟ್ಟೆಯಾ?" ಎಂದರು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಹಚ್ಚು, ತೂಗುಹಾಕು, ಕುದಿಸು, ತಿಕ್ಕು. ಮತ್ತೆ ಹಚ್ಚು. ದಿನಕ್ಕೆ ಎರಡು ಸುತ್ತಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಮೂರನೆಯ ಸುತ್ತಿಗೆ ಕಂದುಗಪ್ಪು. ಐದನೆಯದಕ್ಕೆ ಕಪ್ಪು. ಐದನೆಯ ಸುತ್ತಿನ ನಂತರ ಅಣ್ಣನ ಮಗಳು ಬಂದು "ಚಿಕ್ಕಪ್ಪಾ, ತಣ್ಣಗಿದೆಯಾ?" ಎಂದು ಬೆರಳಿಟ್ಟು ನೋಡಿದಳು; ಆರನೆಯದರಲ್ಲಿ ಅವಳ ಹೆಬ್ಬೆರಳು ಅಚ್ಚಾಗಿ ಮೂಡಿತು. ಮತ್ತೆ ಅಂಟುವಾಳ, ಮತ್ತೆ ಸುಣ್ಣ. ಎಂಟನೆಯ ಸುತ್ತಿಗೆ ಮಸಿ ಒರೆಸಿದಾಗ ಕಿಟಕಿಯ ಬೆಳಕಿಗೆ ತಿರುಗಿಸಿದೆ. ಸಂದಿಯಲ್ಲಿ ಉಳಿದಿದ್ದ ಆ ಹಳೇ ಗೆರೆಯ ಬಣ್ಣ ನಳಿಗೆಯ ಮೈಗೆಲ್ಲ ಬಂದಿತ್ತು. ನೇರಳೆ ಹಣ್ಣಿನ ಮೇಲಿನ ಹುಡಿಯನ್ನು ಒರೆಸಿದರೆ ಹೊಳೆಯುತ್ತದಲ್ಲ, ಹಾಗೆ.

ಇದನ್ನೆಲ್ಲ ಪರದೇಶದ ವಿದ್ಯೆ ಎಂದು ಬೆರಗಾಗುತ್ತಿದ್ದವನಿಗೆ ಒಂದು ಸಂಜೆ ಅಮ್ಮನ ಮೆಟ್ಟುಗತ್ತಿ ಕಣ್ಣಿಗೆ ಬಿತ್ತು. ಅಡಿಕೆ ಸುಲಿಯುವ ಕತ್ತಿ. ಎಷ್ಟು ಮಳೆಗಾಲ ಕಂಡಿದೆಯೋ, ಅಲಗಿನ ಅಂಚು ಬಿಟ್ಟರೆ ಮೈಯೆಲ್ಲ ಕಪ್ಪು, ಒಂದು ಚುಕ್ಕಿ ಕೆಂಪಿಲ್ಲ. ಅದಕ್ಕೆ ಯಾರೂ ದ್ರಾವಣ ಹಚ್ಚಿದವರಲ್ಲ. ಹಸಿ ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಸುಲಿಯುವ ಹೆಂಗಸರ ಬೆರಳುಗಳೂ ಸುಗ್ಗಿ ಮುಗಿಯುವ ತನಕ ಕಪ್ಪೇ. ಅಳಲೆಕಾಯಿಯನ್ನು ಕಬ್ಬಿಣದ ಜೊತೆ ನೆನೆಸಿ ಹಿರಿಯರು ಶಾಯಿ ಮಾಡಿದ್ದೂ ಇದೇ ಒಗರಿನ ಬಲದಿಂದ. ಇನ್ನು ಪದರಪದರವಾಗಿ ಬಣ್ಣ ಕಟ್ಟುವುದೆಂದರೆ ನಮಗೆ ಹೊಸದೇ? ಅಡಿಕೆ ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಕಾಯಿಸಿ, ಗಟ್ಟಿಯಾದ ಚೊಗರನ್ನು ಅಡಿಕೆಗೇ ಹಚ್ಚಿ ಒಣಗಿಸುತ್ತೇವೆ. ಅಡಿಕೆಯಿಂದ ಬಂದದ್ದು ಅಡಿಕೆಗೇ ಬಣ್ಣ. ಕಬ್ಬಿಣದಿಂದ ಬಂದದ್ದು ಕಬ್ಬಿಣಕ್ಕೇ. ಬರ್ಮಿಂಗ್‌ಹ್ಯಾಮಿನ ಕಮ್ಮಾರನೂ ತೀರ್ಥಹಳ್ಳಿಯ ಅಡಿಕೆ ಬೇಯಿಸುವವನೂ ಒಂದೇ ಒಲೆಯ ಮುಂದೆ ಕೂತವರೆಂದು ನನಗೆ ಆಗ ಅನ್ನಿಸಿತು. ಅಮ್ಮನಿಗೆ ಹೇಳಿದೆ. "ಅದಕ್ಕೇ ಹೇಳಿದ್ದು, ಹಂಡೆ ವಾಪಸ್ ಇಡು, ಸ್ನಾನಕ್ಕೆ ನೀರಿಲ್ಲ" ಎಂದರು.

ಕೊನೆಯ ಕುದಿತದ ನಂತರ ನಳಿಗೆ ಬಿಸಿ ಇರುವಾಗಲೇ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಇಲ್ಲೊಂದು ಮಾತು ನೆನಪಿಡಬೇಕು. ಈ ಕಪ್ಪು ತಾನಾಗಿ ಮಳೆಯನ್ನು ತಡೆಯುವ ಕವಚವಲ್ಲ. ಅದರ ಮೈ ತುಂಬ ಕಣ್ಣಿಗೆ ಕಾಣದ ರಂಧ್ರ. ಆ ರಂಧ್ರಗಳು ಎಣ್ಣೆಯನ್ನು ಹಿಡಿದಿಡುತ್ತವೆ, ಕಾಯುವುದು ಎಣ್ಣೆ. ಎಣ್ಣೆ ಆರಿದರೆ ಕಾವಲುಗಾರ ನಿದ್ದೆ ಹೋದ ಹಾಗೆ.

ನಳಿಗೆ ಮದುಮಗನಾದ ಮೇಲೆ ಮರದ ಹಿಡಿ ಹರಕು ಅಂಗಿಯಂತೆ ಕಾಣತೊಡಗಿತು. ವಾಲ್ನಟ್ ಮರದ ಮೇಲೆ ಯಾರೋ ಬಳಿದ ವಾರ್ನಿಷ್ ಸಿಪ್ಪೆ ಏಳುತ್ತಿತ್ತು. ಅದನ್ನು ಕೆರೆದು ತೆಗೆದೆ. ಎಲ್ಲೋ ಬಿದ್ದು ಆದ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಬೆಗೆ ಮರದ ನಾರು ಉಬ್ಬಿ ತಗ್ಗು ತಾನೇ ಮೇಲೆ ಬರುತ್ತದೆ. ಮಗುವಿನ ಬೋರು ಬಿದ್ದ ತಲೆ ಸರಿಹೋದಂತೆ. ಆಮೇಲೆ ಅಗಸೆ ಎಣ್ಣೆ. ಮೂರು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ಮರಕ್ಕೆ ತಿಕ್ಕಬೇಕು. ದಿನಕ್ಕೊಮ್ಮೆ ಒಂದು ವಾರ, ವಾರಕ್ಕೊಮ್ಮೆ ಒಂದು ತಿಂಗಳು, ತಿಂಗಳಿಗೊಮ್ಮೆ ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಬದುಕಿರುವ ತನಕ, ಎಂಬುದು ಈ ಕೆಲಸದವರ ಪಂಚಾಂಗ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡುವಾಗ ಕಾವೇರಿ, ತಾನಾಗಿ ಹೊತ್ತಿಕೊಳ್ಳುವುದುಂಟು. ನಾನು ಬೇಲಿಯ ಮೇಲೆ ಅಗಲಿಸಿ ಹಾಕಿದೆ. ನಮ್ಮ ಮಳೆಯಲ್ಲಿ ಯಾವ ಬೆಂಕಿಗೆ ಆ ಧೈರ್ಯ ಬಂದೀತು?

ಟ್ರಿಗರಿನ ಸುತ್ತ ಬಳೆಯಂತೆ ಇರುವ ಕಾವಲು ಪಟ್ಟಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅದೂ ಅಜ್ಜಯ್ಯನ ಕೈಗೆ ಸವೆದು ಬೆಳ್ಳಗಾಗಿದೆ. ಅದು ಮೇಸ್ತ್ರಿಯ ಪಾಲಿನ ಕೆಲಸ ಎಂದು ನೆವ ಹೇಳಿಕೊಂಡೆ. ಒಳಗಿನ ಸ್ಪ್ರಿಂಗು ನೋಡಲು ಅವರಲ್ಲಿಗೆ ಒಯ್ದಾಗ, ಅವರೂ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು. ಪಟ್ಟಿಯ ಪಕ್ಕದ ಒಂದು ಜಾಗಕ್ಕೆ ಉಗುರು ತೋರಿಸಿ, "ಇಲ್ಲಿ ಒಂದ್ಸಲ ಹಿಂದಕ್ಕೆ ಎಳೆದಿದ್ದೀರಿ" ಎಂದರು. ಹೌದು, ಮೂರನೆಯ ಸುತ್ತಿನಲ್ಲಿ, ಕರೆಂಟು ಹೋದಾಗ.

"ಇದರಿಂದ ಏನು ಹೊಡೀತೀಯ?" ಎಂದು ನೆಂಟರು ಕೇಳುತ್ತಾರೆ. ಏನನ್ನೂ ಇಲ್ಲ. ನನಗೆ ಗುಂಡಿನ ಸದ್ದು ಇವತ್ತಿಗೂ ಇಷ್ಟವಿಲ್ಲ, ಹಾರಿಸುವಾಗ ಕಣ್ಣು ಮುಚ್ಚುತ್ತೇನೆ. ನನಗೆ ಬೇಕಾದದ್ದು ಆ ಎರಡು ವಾರ. ಮಳೆಗಾಲದಲ್ಲಿ ನಾವು ಮಲೆನಾಡಿಗರು ಕಾಯುವುದನ್ನು ಬಿಟ್ಟು ಬೇರೇನು ಮಾಡುತ್ತೇವೆ? ಮಳೆ ನಿಲ್ಲಲಿ ಎಂದು ಕಾಯುತ್ತೇವೆ, ಕರೆಂಟು ಬರಲಿ ಎಂದು ಕಾಯುತ್ತೇವೆ, ಕೊಳೆರೋಗ ಬಾರದಿರಲಿ ಎಂದು ಕಾಯುತ್ತೇವೆ. ಮಳೆ ಇನ್ನೂ ಸ್ವಲ್ಪ ಹೊತ್ತು ಬರಲಿ ಎಂದು ನಾನು ಕಾದದ್ದು ಜೀವಮಾನದಲ್ಲಿ ಅದೊಂದೇ ಸಲ.

ಮೊನ್ನೆ ಲೈಸೆನ್ಸ್ ನವೀಕರಣಕ್ಕೆ ಕೋವಿಯನ್ನು ಠಾಣೆಗೆ ಒಯ್ದಿದ್ದೆ. ಕಂಬಳಿ ಬಿಚ್ಚಿದ ಕೂಡಲೆ ಪೇದೆಯವರು ಹುಬ್ಬು ಗಂಟಿಕ್ಕಿದರು. "ಇದು ಬೇರೆ ಕೋವಿ ಅಲ್ವಾ? ನಿಮ್ಮದು ಹಳೇದಿತ್ತು" ಎಂದರು. ನಾನು ಮಾತಾಡಲಿಲ್ಲ. ಅವರು ಕನ್ನಡಕ ಏರಿಸಿ, ಟಾರ್ಚ್ ಹಿಡಿದು, ಪುಸ್ತಕದ ನಂಬರನ್ನೂ ಕೋವಿಯ ನಂಬರನ್ನೂ ಒಂದೊಂದೇ ಅಂಕಿಯಾಗಿ ಎರಡು ಸಲ ಓದಿದರು. ತಾಳೆಯಾಯಿತು. ರಿಜಿಸ್ಟರಿನಲ್ಲಿ ಹಿಂದಿನ ಸಾಲಿನಲ್ಲಿದ್ದುದನ್ನೇ ನೋಡಿ ಬರೆದರು: ಜೋಡು ನಳಿಗೆ ಕೋವಿ, ಹಳೆಯದು, ಒಂದು.